ಹೆಸರು ಮಾಸಿದ ಕಲ್ಲಿನ ಮುಂದೆ

ಪ್ರಶ್ನೆ: ಎರಡು ತಿಂಗಳ ಹಿಂದೆ ಸಹೋದ್ಯೋಗಿಯೊಬ್ಬರ ತಂದೆಯವರ ಅಂತ್ಯಕ್ರಿಯೆಗೆಂದು ಒಂದು ಹಳೆಯ ಸಮಾಧಿ ಸ್ಥಳಕ್ಕೆ ಹೋಗಿದ್ದೆ. ಎಲ್ಲ ಮುಗಿದು ಜನ ಚದುರಿದ ಮೇಲೆ ಗೇಟಿನತ್ತ ನಡೆಯುವಾಗ ಒಂದು ಕಲ್ಲಿನ ಮೇಲೆ ಕಣ್ಣು ಬಿತ್ತು. ಹುಟ್ಟಿದ ಇಸವಿ, ತೀರಿಕೊಂಡ ಇಸವಿ ಎರಡನ್ನೂ ಓದಬಹುದಿತ್ತು. ಲೆಕ್ಕ ಹಾಕಿದರೆ 47 ವರ್ಷ. ನನಗೂ ಈಗ 47. ಅವುಗಳ ಮೇಲೆ ಹೆಸರಿರಬೇಕಾದ ಜಾಗ ಮಾತ್ರ ಸವೆದು ನುಣುಪಾಗಿತ್ತು; ಬೆರಳಿನಿಂದ ಸವರಿ ನೋಡಿದರೂ ಒಂದಕ್ಷರ ತಾಕಲಿಲ್ಲ. ಅಂದಿನಿಂದ ಆ ಕಲ್ಲು ನನ್ನನ್ನು ಬಿಟ್ಟಿಲ್ಲ. ನಾನೂ ಒಂದು ದಿನ ಹೋಗುವವನು ಎಂಬುದು ಹೊಸ ಸಂಗತಿಯಲ್ಲ. ಆದರೆ ನಾನು ಇದ್ದೆನೆಂಬುದೇ ಯಾರಿಗೂ ಗೊತ್ತಿಲ್ಲದ ಕಾಲವೊಂದು ಬರುತ್ತದೆಂಬುದನ್ನು ತಡೆದುಕೊಳ್ಳಲಾಗುತ್ತಿಲ್ಲ. ಮನೆಯಲ್ಲಿ ಈ ಮಾತೆತ್ತಿದರೆ ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುತ್ತಾರೆ. ಹೀಗೆ ಯೋಚಿಸುವುದು ತಪ್ಪೇ? ಮತ್ತೊಮ್ಮೆ ಅಲ್ಲಿಗೆ ಹೋಗಬೇಕೆನಿಸುತ್ತದೆ, ಹೋಗಲು ಹೆದರಿಕೆಯೂ ಆಗುತ್ತದೆ.
— ಹೆಸರು ಬೇಡವೆಂದ ಓದುಗರು

ಉತ್ತರ: ತಪ್ಪಲ್ಲ. ನಿಮ್ಮ ಮನೆಯವರ ಮೇಲೂ ಬೇಸರ ಬೇಡ. ನಿಮ್ಮನ್ನು ಕಳೆದುಕೊಳ್ಳುವ ಮಾತನ್ನು ಅವರ ಕಿವಿ ಕೇಳಲೊಲ್ಲದು, ಅಷ್ಟೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಕಂಡದ್ದೆಂದರೆ, ನೀವು ಹೆದರಿರುವುದು ಸಾವಿಗಿಂತ ಹೆಚ್ಚಾಗಿ ಅಳಿಸಿಹೋಗುವುದಕ್ಕೆ. ಈ ಎರಡು ಭಯಗಳನ್ನು ಬೇರೆ ಬೇರೆಯಾಗಿ ನೋಡದಿದ್ದರೆ ಒಂದಕ್ಕೆ ಹೇಳಿದ ಸಮಾಧಾನವನ್ನು ಇನ್ನೊಂದಕ್ಕೆ ಹಚ್ಚಿ ನಿರಾಶರಾಗುತ್ತೇವೆ. ಕ್ರಿ.ಪೂ. 270ರಲ್ಲಿ ತೀರಿಕೊಂಡ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸ್, ನಾವಿರುವಷ್ಟು ಕಾಲ ಸಾವು ಇರುವುದಿಲ್ಲ, ಸಾವು ಬಂದಾಗ ನಾವಿರುವುದಿಲ್ಲ, ಆದ್ದರಿಂದ ಹೆದರಲು ಕಾರಣವಿಲ್ಲ ಎಂದು ವಾದಿಸಿದ್ದ. ಸಾಯುವ ಗಳಿಗೆಗೆ ಅಂಜುವವರಿಗೆ ಈ ವಾದ ಒಂದಿಷ್ಟು ನೆರವಾದೀತು. ತಾನಿಲ್ಲದ ಮೇಲೆ ತನ್ನ ಹೆಸರೂ ಇಲ್ಲವಾಗುವುದನ್ನು ನೆನೆದು ಕೊರಗುವವರ ಹತ್ತಿರಕ್ಕೂ ಅದು ಬರುವುದಿಲ್ಲ.

ಹಾಗಾಗಿ ಆ ಕಲ್ಲಿನ ಬಳಿಗೇ ಹೋಗೋಣ. ಅದು ಅಮೃತಶಿಲೆಯೋ ಸುಣ್ಣದ ಕಲ್ಲೋ ಆಗಿದ್ದರೆ ಸವೆದದ್ದರಲ್ಲಿ ಆಶ್ಚರ್ಯವಿಲ್ಲ. ಎರಡರಲ್ಲೂ ಇರುವುದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಮಳೆನೀರಿಗೆ ಸಹಜವಾಗಿಯೇ ತುಸು ಆಮ್ಲಗುಣವಿರುತ್ತದೆ, ಕಲ್ಲಿದ್ದಲಿನ ಹೊಗೆ ಸೇರಿದರೆ ಅದು ಇನ್ನೂ ಏರುತ್ತದೆ. ಆ ನೀರು ಕಲ್ಲಿನ ಮೇಲ್ಮೈಯನ್ನು ಕರಗಿಸುತ್ತಾ ಹೋಗುತ್ತದೆ. ಗ್ರಾನೈಟ್ ಹೆಚ್ಚು ಕಾಲ ತಾಳುತ್ತದೆ, ಆದರೆ ಅದರ ಮೇಲೂ ಕಲ್ಲುಹೂವು ಬೆಳೆಯುತ್ತದೆ. ಬೂದುಹಸಿರು ಬಣ್ಣದ ಆ ದುಂಡನೆಯ ಮಚ್ಚೆಗಳನ್ನು ನೀವೂ ಕಂಡಿರಬೇಕು. ಅವುಗಳ ಬಗ್ಗೆ ತಿಳಿದ ಒಂದು ಸಂಗತಿ ನನಗೆ ಬಹಳ ಪ್ರಿಯವಾದದ್ದು. ಹಿಮನದಿ ಹಿಂದೆ ಸರಿದು ಬಂಡೆಯೊಂದು ಬಯಲಾಗಿ ಎಷ್ಟು ವರ್ಷವಾಯಿತೆಂದು ತಿಳಿಯಲು ಭೂವಿಜ್ಞಾನಿಗಳು ಅದರ ಮೇಲಿನ ಕಲ್ಲುಹೂವಿನ ಅಗಲವನ್ನು ಅಳೆಯುತ್ತಾರೆ. ಆದರೆ ಕಲ್ಲುಹೂವು ವರ್ಷಕ್ಕೆ ಎಷ್ಟು ಹರಡುತ್ತದೆಂಬುದು ಮೊದಲು ಗೊತ್ತಾಗಬೇಕಲ್ಲವೇ? ಅದಕ್ಕೆ ಅವರು ಹುಡುಕಿಕೊಂಡು ಹೋಗುವುದು ಇಸವಿ ಕೆತ್ತಿದ ಸಮಾಧಿಕಲ್ಲುಗಳನ್ನು. ಎಂದೋ ತೀರಿಕೊಂಡವರ ನೆನಪಿಗೆ ಮನೆಯವರು ನಿಲ್ಲಿಸಿದ ಕಲ್ಲು, ಅವರಾರೂ ಊಹಿಸಿರದ ಲೆಕ್ಕವೊಂದಕ್ಕೆ ಅಳತೆಗೋಲಾಗುತ್ತದೆ.

ಸಮಾಧಿಗಳು ಶಾಶ್ವತವೆಂಬುದು ನಮ್ಮ ಭಾವನೆ ಮಾತ್ರ. ಜರ್ಮನಿಯಲ್ಲಿ ಸಮಾಧಿಯ ಜಾಗವನ್ನು ಸಾಮಾನ್ಯವಾಗಿ 20ರಿಂದ 30 ವರ್ಷಗಳ ಅವಧಿಗೆ ಕೊಡುತ್ತಾರೆ. ಅವಧಿಯನ್ನು ಮುಂದುವರಿಸದಿದ್ದರೆ ಕಲ್ಲನ್ನು ತೆಗೆದು ಅದೇ ನೆಲವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಾರೆ. ಪ್ಯಾರಿಸ್ ನಗರದ ನಡುವೆ ಶತಮಾನಗಳ ಕಾಲ ಹೆಣಗಳನ್ನು ಹೂಳುತ್ತಿದ್ದ ಒಂದು ಸ್ಮಶಾನವನ್ನು 1780ರಲ್ಲಿ ಮುಚ್ಚಿದರು. ಅಲ್ಲಿನ ಮತ್ತು ನಗರದ ಇತರ ಸ್ಮಶಾನಗಳ ಮೂಳೆಗಳನ್ನು ಹಳೆಯ ಕಲ್ಲುಗಣಿಗಳ ಸುರಂಗಗಳಿಗೆ ಸಾಗಿಸಿ ಜೋಡಿಸಿಟ್ಟರು. ಇಂದು ಅಲ್ಲಿ 60 ಲಕ್ಷಕ್ಕೂ ಹೆಚ್ಚು ಜನರ ಅವಶೇಷಗಳಿವೆ, ಯಾವ ಮೂಳೆ ಯಾರದೆಂದು ಹೇಳುವವರಿಲ್ಲ.

ಇದನ್ನೆಲ್ಲ ನಿಮ್ಮ ಭಯ ಹೆಚ್ಚಲೆಂದು ಬರೆಯುತ್ತಿಲ್ಲ. ಕಲ್ಲು ನಿಲ್ಲುವುದು ಸತ್ತವರಿಗಾಗಿ ಎಂದು ನಾವು ತಿಳಿದಿರುತ್ತೇವೆ. ನನ್ನ ಅನುಭವದಲ್ಲಿ ಅದು ನಿಲ್ಲುವುದು ಬಂದು ಅಳುವವರಿಗಾಗಿ. ನನ್ನ ತಾಯಿ ತೀರಿಕೊಂಡ ಮೊದಲ ವರ್ಷ ಪ್ರತಿ ವಾರವೂ ಅವರ ಸಮಾಧಿಗೆ ಹೋಗುತ್ತಿದ್ದೆ. ಮೆತ್ತನೆಯ ಬ್ರಷ್ಷನ್ನು ನೀರಿನಲ್ಲಿ ಅದ್ದಿ ಅಕ್ಷರಗಳ ಕೊರಕಲಿನಲ್ಲಿ ಕೂತ ಮಣ್ಣನ್ನು ತೆಗೆಯುತ್ತಿದ್ದೆ. ಈಗ ವರ್ಷಕ್ಕೆ ಎರಡು ಸಲ ಹೋದರೆ ಹೆಚ್ಚು. ಪ್ರೀತಿ ಕಡಿಮೆಯಾಯಿತೇನೋ ಎಂದು ಕೆಲವು ಕಾಲ ನನ್ನನ್ನೇ ದೂಷಿಸಿಕೊಂಡೆ. ಒಂದು ಸಂಜೆ ನನ್ನ ಮಗಳು ಮೇಜಿನ ಮುಂದೆ ಕೂತು ಕಾಗದವೊಂದನ್ನು ಮಡಚಿ, ಮಡಿಕೆಯ ಮೇಲೆ ಹೆಬ್ಬೆರಳಿನ ಉಗುರನ್ನು ಎರಡು ಸಲ ಎಳೆದಳು. ಒಂದು ಸಲ ಎಡದಿಂದ ಬಲಕ್ಕೆ, ಮತ್ತೊಂದು ಸಲ ಬಲದಿಂದ ಎಡಕ್ಕೆ. ಅದು ನನ್ನ ಅಮ್ಮ ಕಾಗದ ಮಡಚುತ್ತಿದ್ದ ರೀತಿ. ಅಮ್ಮನನ್ನು ಕಂಡೇ ಇರದ ಹುಡುಗಿ ಅದನ್ನು ನನ್ನಿಂದ ಕಲಿತಿದ್ದಾಳೆ, ನಾನು ಕಲಿಸಿದೆನೆಂದು ನನಗೂ ಗೊತ್ತಿರಲಿಲ್ಲ. ಮುಂದೆ ಅವಳಿಂದ ಅದನ್ನು ಕಲಿಯುವವರಿಗೆ ನನ್ನ ಅಮ್ಮನ ಹೆಸರು ಖಂಡಿತ ತಿಳಿದಿರುವುದಿಲ್ಲ.

ಹೆಸರು ಮರೆತುಹೋಗುವುದೂ ಬದುಕು ಇಲ್ಲವಾಗುವುದೂ ಒಂದೇ ಎಂದುಕೊಂಡಲ್ಲಿ ನೀವು ಎಡವಿದ್ದೀರಿ ಎಂದು ನನಗನಿಸುತ್ತದೆ. ಆ ವ್ಯಕ್ತಿ 47 ವರ್ಷ ಉಸಿರಾಡಿದ್ದು, ಯಾರಿಗಾಗಿಯೋ ಕಾದದ್ದು, ಯಾರ ಮೇಲೋ ಕೋಪಿಸಿಕೊಂಡದ್ದು ನಡೆದುಹೋದ ಸಂಗತಿ. ಮಳೆ ಕರಗಿಸಿದ್ದು ಕಲ್ಲನ್ನು. ಇದ್ದದ್ದನ್ನು ಇರಲೇ ಇಲ್ಲವೆಂದು ಮಾಡುವ ಶಕ್ತಿ ಮಳೆಗೂ ಇಲ್ಲ, ನಮ್ಮ ಮರೆವಿಗೂ ಇಲ್ಲ.

ಮತ್ತೊಮ್ಮೆ ಹೋಗಿ ಬನ್ನಿ ಎಂದೇ ನನ್ನ ಸಲಹೆ. ಹಗಲಿನಲ್ಲಿ ಹೋಗಿ, ಅವಸರವಿಲ್ಲದ ದಿನ ಹೋಗಿ. ಹಳೆಯ ಭಾಗದಲ್ಲಿ ಮೊಣಕಾಲೆತ್ತರದ ಪುಟ್ಟ ಕಲ್ಲುಗಳಿದ್ದರೆ ಅವುಗಳ ಮುಂದೆ ನಿಲ್ಲಿ. ಲಂಡನ್ನಿನ ವ್ಯಾಪಾರಿ ಜಾನ್ ಗ್ರಾಂಟ್ ತನ್ನ ನಗರದ ಸಾವಿನ ಪಟ್ಟಿಗಳನ್ನು ಕಲೆಹಾಕಿ 1662ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, 100 ಮಕ್ಕಳ ಪೈಕಿ 36 ಮಕ್ಕಳು ಆರು ವರ್ಷ ತುಂಬುವ ಮೊದಲೇ ಸಾಯುತ್ತಾರೆಂದು ಅಂದಾಜು ಮಾಡಿದ್ದ. 2022ರಲ್ಲಿ ಇಡೀ ಜಗತ್ತಿನಲ್ಲಿ ಹುಟ್ಟಿದ 1000 ಮಕ್ಕಳಿಗೆ ಸುಮಾರು 37 ಮಕ್ಕಳು ಐದು ತುಂಬುವ ಮೊದಲು ತೀರಿಕೊಂಡರು. ಈಗಲೂ ಅದು ಸಣ್ಣ ಸಂಖ್ಯೆಯಲ್ಲ, ಆ ತಾಯಂದಿರಿಗಂತೂ ಅಲ್ಲ. ಆದರೂ ನಡುವಿನ ಈ ಅಂತರವನ್ನು ದಾಟಿಸಿದವರು ಯಾರು? 1796ರಲ್ಲಿ ಸಿಡುಬಿನ ಲಸಿಕೆಯ ಪ್ರಯೋಗ ಮಾಡಿದ ಎಡ್ವರ್ಡ್ ಜೆನ್ನರ್, 1847ರಲ್ಲಿ ಹೆರಿಗೆ ವಾರ್ಡಿನಲ್ಲಿ ವೈದ್ಯರು ಕೈ ತೊಳೆಯಲೇಬೇಕೆಂದು ಹಟ ಹಿಡಿದ ಇಗ್ನಾಝ್ ಸೆಮ್ಮೆಲ್ವೈಸ್, ಹೀಗೆ ಕೆಲವು ಹೆಸರುಗಳು ಉಳಿದಿವೆ. ಚರಂಡಿ ತೋಡಿದವರು, ಕುಡಿಯುವ ನೀರಿನ ಕೊಳವೆ ಹೂತವರು, ಮನೆಮನೆಗೆ ನಡೆದು ಲಸಿಕೆ ಹಾಕಿದವರು ಲಕ್ಷಾಂತರ ಮಂದಿ. ಅವರ ಹೆಸರನ್ನು ಯಾವ ಕಲ್ಲೂ ಹೇಳುವುದಿಲ್ಲ. ನೀವೂ ನಾನೂ ಐದನೆಯ ವಯಸ್ಸನ್ನು ದಾಟಿ ಈ ಪತ್ರ ಬರೆಯುವಷ್ಟು, ಓದುವಷ್ಟು ಬದುಕಿರುವುದರಲ್ಲಿ ಅವರ ಪಾಲಿದೆ. ಹೆಸರು ಮಾಸಿದ ಆ ಕಲ್ಲಿನ ಅಡಿಯಲ್ಲಿರುವವರು ಅವರಲ್ಲೊಬ್ಬರಾಗಿದ್ದರೂ ಇರಬಹುದು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಈ ಯೋಚನೆ ರಾತ್ರಿಯ ನಿದ್ದೆಯನ್ನು ವಾರಗಟ್ಟಲೆ ಕಸಿದುಕೊಂಡಿದ್ದರೆ, ಎದೆ ಬಡಿತ ಏರಿ ಉಸಿರು ಕಟ್ಟಿದಂತಾಗುತ್ತಿದ್ದರೆ, ಅಥವಾ ಬದುಕೇ ವ್ಯರ್ಥವೆನಿಸತೊಡಗಿದ್ದರೆ, ದಯವಿಟ್ಟು ತಡಮಾಡದೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿರಿ. ಅದು ಅವರು ದಿನವೂ ನೋಡುವ, ಗುಣಪಡಿಸಬಲ್ಲ ತೊಂದರೆ.

ಪ್ರಶ್ನೆ: ಅಜ್ಜನ ಸಮಾಧಿಯನ್ನು ನೋಡಬೇಕೆಂದು ನನ್ನ ಎಂಟು ವರ್ಷದ ಮಗ ಹಟ ಮಾಡುತ್ತಿದ್ದಾನೆ. ಮಕ್ಕಳನ್ನು ಅಂಥ ಕಡೆ ಕರೆದೊಯ್ಯಬಹುದೇ?
— ಒಬ್ಬ ತಾಯಿ

ಉತ್ತರ: ಅವನೇ ಕೇಳುತ್ತಿದ್ದಾನಲ್ಲ, ಕರೆದುಕೊಂಡು ಹೋಗಿ. ಸತ್ತವರು ಹಿಂದಿರುಗುವುದಿಲ್ಲ, ಎಲ್ಲರೂ ಒಂದು ದಿನ ಸಾಯುತ್ತಾರೆ ಎಂಬುದು ಹೆಚ್ಚಿನ ಮಕ್ಕಳಿಗೆ ಏಳೆಂಟು ವರ್ಷದ ಹೊತ್ತಿಗೆ ಅರ್ಥವಾಗಿರುತ್ತದೆ. ‘ಅಜ್ಜ ಮಲಗಿದ್ದಾರೆ’ ಎಂದು ಮಾತ್ರ ಹೇಳಬೇಡಿ. ಇಂಗ್ಲಿಷಿನ ಸೆಮೆಟರಿ ಎಂಬ ಪದ ಮಲಗುವ ಜಾಗವೆಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಆ ಹೋಲಿಕೆ ದೊಡ್ಡವರಿಗೆ ಸಾಂತ್ವನ ಕೊಟ್ಟಿರಬಹುದು, ಆದರೆ ಅದನ್ನು ಅಕ್ಷರಶಃ ನಂಬುವ ಮಕ್ಕಳು ರಾತ್ರಿ ಕಣ್ಣು ಮುಚ್ಚಲು ಹೆದರುತ್ತಾರೆ. ಅಜ್ಜ ಸತ್ತಿದ್ದಾರೆ, ಅವರ ದೇಹ ಕೆಲಸ ಮಾಡುವುದನ್ನು ನಿಲ್ಲಿಸಿದೆ, ಅವರಿಗೆ ಈಗ ನೋವಾಗುವುದಿಲ್ಲ ಎಂದು ನೇರವಾಗಿ ಹೇಳಿ. ನಿಮಗೆ ಅಳು ಬಂದರೆ ಬಚ್ಚಿಡಬೇಡಿ. ಅವನು ಸುತ್ತಲಿನ ಕಲ್ಲುಗಳ ಇಸವಿಗಳನ್ನು ಓದಿ ಬೆರಳು ಮಡಚಿ ಕಳೆಯುವ ಲೆಕ್ಕ ಮಾಡುತ್ತಾನೆ, ಮಕ್ಕಳು ಹಾಗೆಯೇ. ಯಾವುದೋ ಕಲ್ಲಿನ ಮುಂದೆ ನಿಂತು ‘ಅಮ್ಮ, ಇವರಿಗೂ ನನ್ನಷ್ಟೇ ವಯಸ್ಸು’ ಎಂದರೆ ಬೇಗನೆ ಕೈ ಹಿಡಿದೆಳೆದುಕೊಂಡು ಹೋಗಬೇಡಿ. ‘ಹೌದು ಪುಟ್ಟ’ ಎಂದು ಹೇಳಿ, ಅವನು ಎಷ್ಟು ಹೊತ್ತು ನಿಲ್ಲುತ್ತಾನೋ ಅಷ್ಟು ಹೊತ್ತು ಅವನ ಪಕ್ಕದಲ್ಲಿ ನಿಲ್ಲಿ.