ಹೆಚ್ಚು ಜನ ನೋಡದ, ಹಂಬಲ, ಕೈತಪ್ಪಿದ ಅವಕಾಶ ಇರುವ ಒಂದು ಒಳ್ಳೆ ಕೊರಿಯನ್ ಪ್ರೇಮಕಥೆ ಹೇಳ್ತೀರಾ?

ಹಂಬಲ, ಕೈತಪ್ಪಿದ ಅವಕಾಶ ಇರುವ ಕಥೆ ಬೇಕು ಅಂದಿದ್ದೀರಿ. ಹಾಗಾದರೆ 2019ರ ‘ಟ್ಯೂನ್ ಇನ್ ಫಾರ್ ಲವ್’ ನೋಡಿ. ಸರಣಿ ಅಲ್ಲ, ಸಿನಿಮಾ. ನಿರ್ದೇಶಕ ಜಂಗ್ ಜಿ-ವೂ. ‘ಗಾಬ್ಲಿನ್’ ಸರಣಿಯ ಕಿಮ್ ಗೋ-ಉನ್ ನಾಯಕಿ, ಜಂಗ್ ಹೇ-ಇನ್ ನಾಯಕ. ಇಂಥ ಜೋಡಿ ಇದ್ದೂ ನನಗೆ ಗೊತ್ತಿರುವ ಕೆ-ಡ್ರಾಮಾ (ಕೊರಿಯನ್ ಸರಣಿ) ಪ್ರಿಯರು ಇದರ ಹೆಸರೇ ಎತ್ತುವುದಿಲ್ಲ.

ಕಥೆ ಶುರುವಾಗುವುದು 1994ರ ಅಕ್ಟೋಬರ್ 1ರಂದು, ಗಾಯಕ ಯೂ ಯೋಲ್ ರೇಡಿಯೊದಲ್ಲಿ ಹೊಸ ಕಾರ್ಯಕ್ರಮ ಆರಂಭಿಸಿದ ದಿನ. ಆ ಕಾರ್ಯಕ್ರಮ ನಿಜವಾಗಿಯೂ ಇತ್ತು, 2007ರವರೆಗೆ ನಡೆಯಿತು. ತೀರಿಹೋದ ಅಮ್ಮನ ಬೇಕರಿ ನಡೆಸುತ್ತಿರುವ ಮಿ-ಸು ಹತ್ತಿರ ಒಬ್ಬ ಹುಡುಗ ಬಂದು ತೋಫು ಇದೆಯಾ ಅಂತ ಕೇಳುತ್ತಾನೆ. ಬೇಕರಿಯಲ್ಲಿ ತೋಫು ಯಾಕೆ? ಜೈಲಿನಿಂದ ಬಿಡುಗಡೆಯಾದವರು ಮತ್ತೆ ಒಳಗೆ ಹೋಗದಿರಲಿ ಅಂತ ತೋಫು ತಿನ್ನುವ ಪದ್ಧತಿ ಕೊರಿಯಾದಲ್ಲಿದೆ. ಆ ಹುಡುಗ, ಹ್ಯೊನ್-ವೂ, ಬಾಲಾಪರಾಧಿಗಳ ಕೇಂದ್ರದಿಂದ ಆಗಷ್ಟೇ ಹೊರಬಂದವನು. ಅಲ್ಲೇ ಕೆಲಸಕ್ಕೆ ಸೇರುತ್ತಾನೆ. ಕೆಲವೇ ತಿಂಗಳಲ್ಲಿ ಹಳೆಯ ಗೆಳೆಯರು ಹುಡುಕಿಕೊಂಡು ಬರುತ್ತಾರೆ, ಅವನು ಕಾಣೆಯಾಗುತ್ತಾನೆ.

ಮತ್ತೆ ಸಿಗುವುದು 1997ರಲ್ಲಿ. ಬೇಕರಿ ಮುಚ್ಚಿದೆ, ದೇಶದಲ್ಲಿ ಆರ್ಥಿಕ ಬಿಕ್ಕಟ್ಟು. ಮರುದಿನವೇ ಅವನು ಸೈನ್ಯಕ್ಕೆ ಹೊರಡಬೇಕು. ಅವಳು ಅವನಿಗೆ ಒಂದು ಇಮೇಲ್ ಖಾತೆ ತೆರೆದುಕೊಡುತ್ತಾಳೆ, ಆದರೆ ಪಾಸ್‌ವರ್ಡ್ ಹೇಳುವುದನ್ನೇ ಮರೆತುಬಿಡುತ್ತಾಳೆ! ಅವಳು ಬರೆಯುತ್ತಲೇ ಇರುತ್ತಾಳೆ, ಅವನಿಗೆ ಓದಲು ಆಗುವುದಿಲ್ಲ. ಮೊಬೈಲ್ ಎಲ್ಲರ ಕೈಗೆ ಬರುವ ಮುಂಚೆ ಒಬ್ಬರನ್ನೊಬ್ಬರು ಕಳೆದುಕೊಳ್ಳುವುದು ಎಷ್ಟು ಸುಲಭ ಇತ್ತು ಅಲ್ವಾ?

ಕಾಕತಾಳೀಯ ಜಾಸ್ತಿ ಆಯ್ತು ಅಂತ ಕೆಲವರು ದೂರುತ್ತಾರೆ. ಮೊದಲರ್ಧಕ್ಕೆ ಆ ಮಾತು ಒಪ್ಪಬಹುದು. ಆದರೆ ಸಿನಿಮಾದ ಜೀವ ಇರುವುದು ದ್ವಿತೀಯಾರ್ಧದಲ್ಲಿ. 2005ರ ಹೊತ್ತಿಗೆ ಇಬ್ಬರೂ ಒಂದೇ ಊರಲ್ಲಿ, ಜೊತೆಯಲ್ಲೇ ಇರುತ್ತಾರೆ. ಈಗ ವಿಳಾಸವೂ ಇದೆ, ಫೋನೂ ಇದೆ. ಆದರೂ ದೂರವಾಗುತ್ತಾರೆ. ಸ್ಕೂಲಿನ ದಿನಗಳಲ್ಲಿ ಒಬ್ಬ ಗೆಳೆಯ ಸತ್ತ ಘಟನೆ ಅವನನ್ನು ಬಿಟ್ಟಿಲ್ಲ, ಅದು ಅವಳಿಗೆ ಗೊತ್ತಾಗುವುದು ಅವನಿಗೆ ಬೇಕಿಲ್ಲ. ತನ್ನ ಬದುಕಿನಲ್ಲಿ ಚೆನ್ನಾಗಿರುವ ಒಂದೇ ಒಂದು ವಿಷಯ ಅವಳು, ಅದಕ್ಕೂ ಆ ಕಲೆ ಹತ್ತಬಾರದು ಅನ್ನುವ ಭಯ. ಬೇರೆ ಕಥೆಗಳಲ್ಲಿ ವಿಧಿಯೋ ಖಳನಾಯಕನೋ ಮಾಡುವ ಕೆಲಸವನ್ನು ಇಲ್ಲಿ ಅವನ ನಾಚಿಕೆಯೇ ಮಾಡುತ್ತದೆ. ಇದನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ಪ್ರೇಮಕಥೆ ನಾನು ಹೆಚ್ಚು ನೋಡಿಲ್ಲ. ಅವಳಿರುವ ಕಾರಿನ ಹಿಂದೆ ಅವನು ಓಡುವ ದೃಶ್ಯದಲ್ಲಿ ಕಿಮ್ ಗೋ-ಉನ್ ಮುಖವನ್ನೇ ಗಮನಿಸಿ.

ವೇಗ ನಿಧಾನ, ದೊಡ್ಡ ತಿರುವುಗಳಿಲ್ಲ. ಇಷ್ಟವಾದರೆ ಮುಂದೆ 1998ರ ‘ಕ್ರಿಸ್ಮಸ್ ಇನ್ ಆಗಸ್ಟ್’ ನೋಡಿ. ಅದರಲ್ಲಿ ಫೋಟೊ ಸ್ಟುಡಿಯೊ ನಡೆಸುವವನು ತನ್ನ ಕಾಯಿಲೆಯ ವಿಷಯವನ್ನು ಪ್ರೀತಿಸಿದವಳಿಗೆ ಹೇಳುವುದೇ ಇಲ್ಲ.