24 ಗಂಟೆಯ ನರ್ಸ್ ಅಂದರೆ 24 ಗಂಟೆ ಎಚ್ಚರ ಅಂತಲ್ಲ

ಕಾಯಿಲೆಯ ಮಗುವನ್ನು ಮನೆಯಲ್ಲೇ ನೋಡಿಕೊಳ್ಳುವ ಅಪ್ಪ ಅಮ್ಮಂದಿರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹಳೆಯವೇ. ಇಷ್ಟು ದಿನ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆದೆ. ಆದರೂ ಅದೇ ತಪ್ಪು ಇನ್ನೊಂದು ಮನೆಯಲ್ಲಿ ಆಗುತ್ತಲೇ ಇದೆ. ಮಕ್ಕಳ ಐಸಿಯುನಲ್ಲಿ ವರ್ಷಗಟ್ಟಲೆ ಇದ್ದು, ಈಗ ಮನೆಮನೆಗೆ ಹೋಗಿ ಆರೈಕೆ ಮಾಡುವ ನರ್ಸ್ ನಾನು. ಅದಕ್ಕೇ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೈ ತೊಳೆಯುವುದು, ಔಷಧಿಯ ಹೊತ್ತು ಬರೆದಿಡುವುದು ಇವೆಲ್ಲ ನಿಮಗೆ ವಾರ್ಡ್‌ನಲ್ಲೇ ಹೇಳಿರುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಪ್ರಶ್ನೆ: ಮಗಳಿಗೆ ಎರಡೂವರೆ ವರ್ಷ. ತುಂಬಾ ದಿನ ವೆಂಟಿಲೇಟರ್‌ನಲ್ಲಿದ್ದು ಶ್ವಾಸನಾಳ ಕಿರಿದಾಗಿದೆ ಅಂತ ಕುತ್ತಿಗೆಯಲ್ಲಿ ರಂಧ್ರ ಮಾಡಿ ಉಸಿರಾಡುವುದಕ್ಕೆ ಟ್ರೇಕಿಯಾಸ್ಟಮಿ ಟ್ಯೂಬ್ ಹಾಕಿದ್ದಾರೆ. ಮುಂದಿನ ವಾರ ಡಿಸ್ಚಾರ್ಜ್. ಏಜೆನ್ಸಿಯವರು 24 ಗಂಟೆಯ ನರ್ಸ್ ಕಳಿಸುತ್ತೇವೆ, ನೀವು ನಿಶ್ಚಿಂತೆಯಿಂದ ಇರಿ ಅಂತಾರೆ. ಅಷ್ಟು ಸಾಕಲ್ವಾ ಮೇಡಂ?

ಸಾಲದಮ್ಮಾ. ಒಬ್ಬರೇ ಮನುಷ್ಯರು ಹಗಲೂ ರಾತ್ರಿ ಎಚ್ಚರ ಇರುವುದಕ್ಕೆ ಆಗುವುದಿಲ್ಲ. 24 ಗಂಟೆ ಅಂದರೆ ಅವರು ನಿಮ್ಮ ಮನೆಯಲ್ಲಿ ಇರುತ್ತಾರೆ ಅಂತ ಅರ್ಥ, ಅಷ್ಟೇ. ದುಡ್ಡು ಒಬ್ಬರಿಗೆ ಮಾತ್ರ ಸಾಲುತ್ತದೆ ಅಂದರೆ 12 ಗಂಟೆಯ ರಾತ್ರಿ ಪಾಳಿಗೆ ಕರೆಸಿ. ಹಗಲು ನೀವು ನೋಡಿಕೊಳ್ಳಿ, ರಾತ್ರಿ ನಿದ್ದೆ ಮಾಡಿ.

ಇನ್ನು ಬರುವವರು ಯಾರು ಅನ್ನುವುದು. ನರ್ಸ್ ಅಂತ ಬಂದವರಲ್ಲಿ ಎಷ್ಟೋ ಜನ ಅಟೆಂಡರ್‌ಗಳು. ವಯಸ್ಸಾದವರನ್ನು ನೋಡಿಕೊಂಡು ಅಭ್ಯಾಸ ಇರುವವರು. ತಪ್ಪು ಅವರದಲ್ಲ, ಹಾಗೆ ಹೇಳಿ ಕಳಿಸುವವರದು. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಸಂಖ್ಯೆ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಆದರೆ ಕಾಗದ ನೋಡಿ ನಿಲ್ಲಿಸಬೇಡಿ. ಡಿಸ್ಚಾರ್ಜ್‌ಗೆ ಮುಂಚೆ ಅವರನ್ನು ವಾರ್ಡ್‌ಗೆ ಕರೆಸಿ, ನಿಮ್ಮ ಮಗುವಿಗೇ ಸಕ್ಷನ್ ಮಾಡಿಸಿ, ಅಂದರೆ ಟ್ಯೂಬಿನೊಳಗೆ ಸಣ್ಣ ಪೈಪ್ ಇಳಿಸಿ ಮೆಷಿನ್ನಿನಿಂದ ಕಫ ಎಳೆಸಿ. ವಾರ್ಡ್ ಸಿಸ್ಟರ್ ಪಕ್ಕದಲ್ಲಿ ನಿಂತಿರಲಿ. ಪೈಪ್ ಎಷ್ಟು ಉದ್ದ ಒಳಗೆ ಹೋಗಬೇಕು ಅಂತ ಅಳತೆ ನೋಡಿಕೊಂಡರಾ? 10 ಸೆಕೆಂಡಿನೊಳಗೆ ಪೈಪ್ ಆಚೆ ತೆಗೆದರಾ? ಎಳೆತದ ಒತ್ತಡ ತೋರಿಸುವ ಮೆಷಿನ್ನಿನ ಮುಳ್ಳು 120 mmHg ದಾಟದ ಹಾಗೆ ನೋಡಿಕೊಂಡರಾ? ಟ್ಯೂಬ್ ಸೈಜ್ 4 ಆದರೆ ಸಕ್ಷನ್ ಪೈಪ್ 8ಕ್ಕಿಂತ ದಪ್ಪ ಇರಬಾರದು (ಎರಡರ ಸೈಜಿನ ಲೆಕ್ಕ ಬೇರೆ ಬೇರೆ) ಅನ್ನುವುದು ಗೊತ್ತಾ? "ಕಫ ಬರೋವರೆಗೂ ಎಳೀತಾ ಇರ್ತೀನಿ" ಅನ್ನುವವರನ್ನು ಅಲ್ಲಿಂದಲೇ ವಾಪಸ್ ಕಳಿಸಿ.

ಇದನ್ನೆಲ್ಲ ಪರೀಕ್ಷೆ ಮಾಡಬೇಕು ಅಂದರೆ ಮೊದಲು ನಿಮಗೆ ಬರಬೇಕು. ನಿಮ್ಮ ಜೊತೆ ಮನೆಯಲ್ಲಿ ಇನ್ನೊಬ್ಬರಿಗೂ ಬರಬೇಕು. ನಾನು ಯಾವ ಮನೆಗೆ ಹೋದರೂ ಮೊದಲು ಕೇಳುವುದು ಇದನ್ನೇ. "ಸಿಸ್ಟರ್ ಇದಾರಲ್ಲ" ಅಂದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಸಿಸ್ಟರ್ ಸ್ನಾನಕ್ಕೆ ಹೋಗುತ್ತಾರೆ. ಹಬ್ಬಕ್ಕೆ ಊರಿಗೆ ಹೋಗುತ್ತಾರೆ. ಹೇಳದೆ ಕೆಲಸ ಬಿಟ್ಟೂ ಹೋಗುತ್ತಾರೆ.

ಎಷ್ಟು ಹೇಳಿದರೂ ಮೊದಲ ರಾತ್ರಿವರೆಗೆ ಮನೆಯವರಿಗೆ ಹೊಳೆಯದ ಒಂದು ಸಂಗತಿ ಇದೆ. ಈ ಮಗು ಅತ್ತರೆ ನಿಮಗೆ ಕೇಳಿಸುವುದಿಲ್ಲ. ಉಸಿರು ಗಂಟಲಿನ ತನಕ ಹೋಗದೆ ಕುತ್ತಿಗೆಯ ಟ್ಯೂಬಿನಿಂದಲೇ ಆಚೆ ಬರುತ್ತದೆ. ತುಮಕೂರು ಕಡೆಯ ಒಂದು ಮನೆಗೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿದ್ದೆ. ಮಗು ಮಂಚದ ಮೇಲೆ ಬಾಯಿ ಅಗಲಿಸಿ ಅಳುತ್ತಿತ್ತು. ಮುಖ ಕೆಂಪಾಗಿತ್ತು, ಕಣ್ಣೀರು ಕಿವಿಯೊಳಗೆ ಇಳಿದಿತ್ತು. ಸದ್ದೇ ಇಲ್ಲ. ಎರಡಡಿ ಆಚೆ ನರ್ಸ್ ಹುಡುಗಿ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ಅವಳಿಗೆ ಅದು ಸತತ ಮೂರನೇ ರಾತ್ರಿ. ನನಗೆ ಅವಳನ್ನು ಬೈಯುವುದಕ್ಕೆ ಬಾಯಿ ಬರಲಿಲ್ಲ. ಮಾರನೇ ದಿನ ಆ ಮನೆಯ ಅಜ್ಜಿ ಬಟ್ಟೆಪಟ್ಟಿಗೆ ಗೆಜ್ಜೆ ಬಿಗಿಯಾಗಿ ಹೊಲಿದು ಮಗುವಿನ ಕಾಲಿಗೆ ಕಟ್ಟಿದರು. ಅಳುವ ಮಗು ಕಾಲು ಬಡಿಯುತ್ತದಲ್ಲ! ಈಗ ಇಂಥ ಮಗು ಇರುವ ಪ್ರತಿ ಮನೆಯಲ್ಲೂ ನಾನು ಗೆಜ್ಜೆ ಹೊಲಿಸುತ್ತೇನೆ. ಆದರೆ ಅದನ್ನೇ ನಂಬಿ ಕೂರಬೇಡಿ. ಟ್ಯೂಬಿನಲ್ಲಿ ಕಫ ಕಟ್ಟಿಕೊಂಡು ಉಸಿರಾಡಲಾಗದ ಮಗು ಕಾಲು ಆಡಿಸದೆಯೂ ಇರಬಹುದು. ಅಲಾರಂ ಇರುವ ಆಕ್ಸಿಮೀಟರ್ ಬೇಕೇ ಬೇಕು. ಬೆರಳಿಗೆ ಸಿಕ್ಕಿಸುವ ಅಗ್ಗದ್ದು ಇದಕ್ಕೆ ಆಗುವುದಿಲ್ಲ.

ಮಗುವಿನ ಜೊತೆ ಒಂದು ಡಬ್ಬಿ ಇರಲಿ. ಅದರಲ್ಲಿ ಅದೇ ಸೈಜಿನ ಇನ್ನೊಂದು ಟ್ಯೂಬ್, ಒಂದು ಸೈಜ್ ಚಿಕ್ಕದು, ಕಟ್ಟುವ ಪಟ್ಟಿ, ಕತ್ತರಿ, ಜೆಲ್ಲಿ, ಸಕ್ಷನ್ ಪೈಪ್. ಜೊತೆಗೆ ಆಂಬು ಬ್ಯಾಗ್, ಅಂದರೆ ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ. ಮಗು ದೇವರಮನೆಗೆ ಹೋದರೆ ಡಬ್ಬಿಯೂ ದೇವರಮನೆಗೆ ಹೋಗಬೇಕು. ಟ್ಯೂಬ್ ಕಳಚಿ ಬಂದರೆ, ಅಥವಾ ಸಕ್ಷನ್ ಪೈಪ್ ಒಳಗೇ ಹೋಗುತ್ತಿಲ್ಲ ಅಂದರೆ, ಮೊದಲು ಹೊಸ ಟ್ಯೂಬ್ ಹಾಕಿ. ಅದು ಹೋಗದಿದ್ದರೆ ಚಿಕ್ಕದು. ಭುಜದ ಕೆಳಗೆ ಟವೆಲ್ ಸುತ್ತಿ ಇಟ್ಟರೆ ರಂಧ್ರ ಚೆನ್ನಾಗಿ ಕಾಣುತ್ತದೆ. 108ಕ್ಕೆ ಫೋನ್ ಮಾಡುವುದು ಇನ್ನೊಬ್ಬರ ಕೆಲಸ. ಮಗುವನ್ನು ಹಾಗೇ ಎತ್ತಿಕೊಂಡು ಬೀದಿಗೆ ಓಡಬೇಡಿ. ದಾರಿಯಲ್ಲಿ ಕಳೆಯುವಷ್ಟು ಹೊತ್ತು ಮಗುವಿನ ಹತ್ತಿರ ಇರುವುದಿಲ್ಲ. ಟ್ಯೂಬ್ ಬದಲಿಸುವುದನ್ನು ಡಿಸ್ಚಾರ್ಜ್‌ಗೆ ಮುಂಚೆ ನಿಮ್ಮ ಕೈಯಲ್ಲೇ ಮಾಡಿಸಲಿ. ಮಾಡಿಸದಿದ್ದರೆ ಇನ್ನೆರಡು ದಿನ ಅಲ್ಲೇ ಇರುತ್ತೇವೆ ಅನ್ನಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಹಾಗೇ ಮಾಡುತ್ತಿದ್ದೆ.

ಕರೆಂಟ್ ಹೋಗುತ್ತದೆ, ಗೊತ್ತಲ್ಲ. ಬ್ಯಾಟರಿಯ ಸಕ್ಷನ್ ಮೆಷಿನ್ ಇಲ್ಲದಿದ್ದರೆ ಕಾಲಲ್ಲಿ ತುಳಿಯುವ ಮೆಷಿನ್ ಸಿಗುತ್ತದೆ, ಅದನ್ನಾದರೂ ಇಟ್ಟುಕೊಳ್ಳಿ.

ಮತ್ತೆ, ದಯವಿಟ್ಟು ಸಾಂಬ್ರಾಣಿ ಹಾಕಬೇಡಿ. ಮಗುವಿಗೆ ನೆಗಡಿ ಆಗಬಾರದು ಅಂತ ಹಿರಿಯರು ಪ್ರೀತಿಯಿಂದಲೇ ಹಾಕುತ್ತಾರೆ, ಒಪ್ಪುತ್ತೇನೆ. ಆದರೆ ನಮಗೆಲ್ಲ ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ ಒಳಗೆ ಬಿಡುವುದು ಮೂಗು. ಈ ಮಗುವಿಗೆ ಆ ದಾರಿಯೇ ಇಲ್ಲ. ಹೊಗೆ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಊದುಬತ್ತಿ, ಸೊಳ್ಳೆ ಬತ್ತಿ, ಮೈಗೆ ಹಾಕುವ ಪೌಡರ್ ಯಾವುದೂ ಆ ಕೋಣೆಯಲ್ಲಿ ಬೇಡ. ತಲೆಗೆ ನೀರು ಹುಯ್ಯುವ ಸ್ನಾನವೂ ಬೇಡ. ಟ್ಯೂಬಿನೊಳಗೆ ನೀರು ಹೋಗುತ್ತದೆ.

ಪ್ರಶ್ನೆ: ಕ್ಯಾನ್ಸರ್ ಇರುವ ಮಗನಿಗೆ ನೋವು ಕಡಿಮೆ ಆಗಲಿ ಅಂತ ಮಾರ್ಫಿನ್ ಬರೆದಿದ್ದಾರೆ. ಚಟ ಹತ್ತುತ್ತದೆ, ಬೇಗ ಹೋಗಿಬಿಡ್ತಾನೆ ಅಂತ ನೆಂಟರು ಹೆದರಿಸ್ತಾರೆ.

ಎರಡೂ ಸುಳ್ಳು. ಡಾಕ್ಟರ್ ಬರೆದ ಅಳತೆಯಲ್ಲಿ, ಹೇಳಿದ ಹೊತ್ತಿಗೆ ಕೊಡಿ. ನೋವು ಬಂದ ಮೇಲೆ ಕೊಡೋಣ ಅಂತ ಕಾಯಬೇಡಿ. ಮಲಬದ್ಧತೆ ಆಗೇ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೇಳಿ. ಎಬ್ಬಿಸಿದರೂ ಏಳದಷ್ಟು ಮಂಪರು ಕಂಡರೆ, ಉಸಿರು ತೀರಾ ನಿಧಾನ ಆದರೆ, ಮುಂದಿನ ಡೋಸ್ ತಡೆದು ತಕ್ಷಣ ಫೋನ್ ಮಾಡಿ. ನೆಂಟರು ರಾತ್ರಿ ಬಂದು ಆ ಮಗುವಿನ ಪಕ್ಕ ಕೂರುವುದಿಲ್ಲ, ಅಲ್ವಾ?

ಪ್ರಶ್ನೆ: ನಮ್ಮೂರಲ್ಲಿ ಒಬ್ಬರು ಬರೆ ಹಾಕಿ ಫಿಟ್ಸ್ ವಾಸಿ ಮಾಡ್ತಾರಂತೆ.

ಕಾಯಿಸಿದ ಕಬ್ಬಿಣದಿಂದ ಮಗುವನ್ನು ಸುಡುವುದು ಚಿಕಿತ್ಸೆ ಅಲ್ಲ, ಅಪರಾಧ. ಆ ಮನುಷ್ಯನನ್ನು ಮನೆಯೊಳಗೆ ಬಿಡಬೇಡಿ.

ಪ್ರಶ್ನೆ: ಫಿಟ್ಸ್ ಬಂದಾಗ ಬಾಯಿಗೆ ಚಮಚ, ಕೈಗೆ ಬೀಗದ ಕೈ ಕೊಡಬೇಕಾ?

ಏನೂ ಕೊಡಬೇಡಿ. ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. 5 ನಿಮಿಷವಾದರೂ ನಿಲ್ಲದಿದ್ದರೆ ಡಾಕ್ಟರ್ ಬರೆದುಕೊಟ್ಟ ಮೂಗಿನ ಸ್ಪ್ರೇ ಹಾಕಿ, 108 ಕರೆಯಿರಿ.

ಪ್ರಶ್ನೆ: ಖರ್ಚಿಗೆ ಎಲ್ಲಿಂದ ತರೋದು ಮೇಡಂ?

ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಆಟಿಸಂ ಅಥವಾ ಒಂದಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಮಾಡಿಸಿ, ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ. ಕೈ ತಪ್ಪಿದ ಕ್ಯಾನ್ಸರ್ ಆದರೆ ಬೆಂಗಳೂರಿನ ಕರುಣಾಶ್ರಯ ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ. ಸಾಲ ಮಾಡುವ ಮುಂಚೆ ಇವೆರಡನ್ನೂ ವಿಚಾರಿಸಿ.

ಪ್ರಶ್ನೆ: ತಂಗಿಯ ಕಾಯಿಲೆ ಬಗ್ಗೆ ಆರು ವರ್ಷದ ಅಣ್ಣನಿಗೆ ಹೇಳಬೇಕಾ? ಸುಮ್ನೆ ಇದ್ದುಬಿಡೋಣ ಅಂತಿದ್ದೀವಿ.

ಹೇಳಿ. ನೀವು ಹೇಳದಿದ್ದರೆ ಅವನೇ ಒಂದು ಕಾರಣ ಹುಡುಕಿಕೊಳ್ಳುತ್ತಾನೆ. "ನಾನು ಅವತ್ತು ಅವಳನ್ನ ತಳ್ಳಿದ್ದಕ್ಕಾ ಆಂಟಿ?" ಅಂತ ಒಬ್ಬ ಹುಡುಗ ನನ್ನ ಬ್ಯಾಗ್ ಹಿಡಿದುಕೊಂಡು ಗೇಟಿನವರೆಗೂ ಬಂದು, ಯಾರಿಗೂ ಕೇಳಿಸದ ಹಾಗೆ ಕೇಳಿದ್ದ. ಅಷ್ಟು ತಿಂಗಳು ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ. "ನಿನ್ನಿಂದ ಆಗಿದ್ದಲ್ಲ ಕಂದಾ, ನಿನಗೆ ಅಂಟೋದೂ ಇಲ್ಲ" ಅಂತ ಇವತ್ತೇ ಹೇಳಿ, ನಾಳೆ ಇನ್ನೊಂದು ಸಲ ಹೇಳಿ.