ಮಕ್ಕಳಿಗೆ ‘ನಾಗರಹಾವು’ ತೋರಿಸುವ ಬಗ್ಗೆ

ಬಾಲ್ಯದಲ್ಲಿ ಮೆಚ್ಚಿ ನೋಡಿದ ‘ನಾಗರಹಾವು’ ಚಿತ್ರವನ್ನು ಏಳು ಮತ್ತು ಹನ್ನೊಂದು ವರ್ಷದ ಮಕ್ಕಳಿಗೆ ಪೂರ್ತಿಯಾಗಿ ತೋರಿಸಬಹುದೇ ಎಂದು ದಾವಣಗೆರೆಯಿಂದ ತಾವು ಕೇಳಿದ್ದೀರಿ. ಹಿರಿಯ ಮಗುವಿಗೂ ಪೂರ್ತಿ ತೋರಿಸುವುದು ಈಗಲೇ ಬೇಡವೆಂಬುದು ನನ್ನ ಅಭಿಪ್ರಾಯ.

ನಮ್ಮ ನೆನಪಿನಲ್ಲಿ ಉಳಿದಿರುವುದು ದುರ್ಗದ ಬಂಡೆಗಳ ನಡುವೆ ಓಡಾಡುವ ರಾಮಾಚಾರಿ ಮತ್ತು ಒನಕೆ ಹಿಡಿದ ಓಬವ್ವ. ಆದರೆ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದ ಈ ಕಥೆಯಲ್ಲಿ ಗಂಡನೇ ವೇಶ್ಯಾವೃತ್ತಿಗೆ ತಳ್ಳಿದ ಅಲಮೇಲು ಇದ್ದಾಳೆ. ಕೊನೆಗೆ ಬೆಟ್ಟದ ಮೇಲೆ ಚಾಮಯ್ಯ ಮೇಷ್ಟರ ಸಾವೂ, ಅದರ ಬೆನ್ನಿಗೇ ರಾಮಾಚಾರಿ ಮತ್ತು ಮಾರ್ಗರೆಟ್ಟರ ಆತ್ಮಹತ್ಯೆಯೂ ಇವೆ. ನಾವೂ ಇದನ್ನೆಲ್ಲ ನೋಡಿಯೇ ಬೆಳೆದೆವಲ್ಲ ಎನ್ನಬಹುದು. ಅರ್ಥವಾಗದೆ ನೋಡಿದೆವು ಎಂಬುದೇ ಹೆಚ್ಚು ನಿಜ.

ಜಯಂತಿಯವರ ಓಬವ್ವನ ಪ್ರಸಂಗವನ್ನಷ್ಟೇ ಮೊದಲು ತೋರಿಸಿ. ಅದು ತಾನೇ ಒಂದು ಕಥೆಯಾಗಿ ನಿಲ್ಲುತ್ತದೆ, ಹಾಡೂ ಮಕ್ಕಳ ನಾಲಿಗೆಯ ಮೇಲೆ ಬೇಗ ಕೂರುತ್ತದೆ. ಅಂಬರೀಷರ ಮೊದಲ ಚಿತ್ರವೆಂಬ ಅಭಿಮಾನದಿಂದ ಜಲೀಲನ ಭಾಗವನ್ನೂ ತೋರಿಸುವುದಾದರೆ, ದಾರಿಯಲ್ಲಿ ಹುಡುಗಿಯನ್ನು ಕಾಡುವುದು ತಮಾಷೆಯಲ್ಲವೆಂದು ಹಿರಿಯ ಮಗುವಿಗೆ ಅಲ್ಲೇ ನಿಲ್ಲಿಸಿ ಹೇಳುವುದು ಒಳ್ಳೆಯದು.

ಚಿತ್ರದುರ್ಗ ತಮಗೆ ಸುಮಾರು 60 ಕಿಲೋಮೀಟರು ದೂರವಷ್ಟೇ. ಪ್ರಸಂಗ ನೋಡಿದ ವಾರದಲ್ಲೇ ಕೋಟೆಗೆ ಕರೆತಂದು ಓಬವ್ವನ ಕಿಂಡಿಯನ್ನು ತೋರಿಸಿ. ಬಂಡೆಗಳು ಬೇಗ ಕಾಯುವುದರಿಂದ ಬೆಳಿಗ್ಗೆಯೇ ಹತ್ತುವುದು ಮಕ್ಕಳಿಗೆ ಅನುಕೂಲ.